ಹನ್ನೊಂದು ಬೋಲ್ಟು ಒಂಬತ್ತಾದ ಕಥೆ

ಹಳೆಯ ಉಗಿ ಎಂಜಿನ್ನುಗಳನ್ನು ರಿಪೇರಿ ಮಾಡುವ ನಮ್ಮ ಷೆಡ್ಡಿಗೆ ಹೊಸದಾಗಿ ಬಂದವರು ಮೊದಲ ದಿನ ಕೇಳುವುದು ಒಂದೇ ಪ್ರಶ್ನೆ. ಅಂಕಲ್, ವಿಶಲ್ ಎಳೀಬಹುದಾ? ಎಳೆಯಿರಿ, ಯಾರು ಬೇಡ ಅಂದರು. ಆದರೆ ಆ ವಿಶಲ್‌ಗೆ ಹಬೆ ಬರಬೇಕಾದರೆ ಅದಕ್ಕೂ ಮೊದಲು ಯಾರೋ ಒಬ್ಬರು ವಾರಗಟ್ಟಲೆ ಮೈಗೆಲ್ಲ ಮಸಿ ಮೆತ್ತಿಕೊಂಡು ಬಾಯ್ಲರಿನ ಹೊಟ್ಟೆಯೊಳಗೆ ಕೂತಿರಬೇಕು. ಹಾಗೆ ಕೂತವನು ನಾನು. ಮೈಸೂರಿನ ರೈಲ್ವೆ ವರ್ಕ್‌ಷಾಪಿನಲ್ಲಿ ಹದಿನೆಂಟನೇ ವಯಸ್ಸಿಗೆ ಒಳಗೆ ಹೋದವನು ನಾರ್ತ್ ಕ್ಯಾರೊಲೈನಾದ ಬೆಟ್ಟದ ಬುಡದ ಒಂದು ಷೆಡ್ಡಿನಲ್ಲಿ ಅರವತ್ತೇಳನೇ ವಯಸ್ಸಿಗೆ ಹೊರಗೆ ಬಂದೆ. ನಡುವೆ ಯಾವ ಹುದ್ದೆಯಿಂದ ಯಾವ ಹುದ್ದೆಗೆ ಏರಿದೆ ಅನ್ನುವುದು ನನ್ನ ಬೀಗರಿಗೆ ಮಾತ್ರ ಬೇಕಾದ ವಿಷಯ, ನಿಮಗೆ ಬೇಡ. ಈಗ ನೀವು ಏಳೆಂಟು ಜನ ಈ ಕೆಲಸ ಕಲಿಯುತ್ತೇವೆ ಅಂತ ಬಂದಿದ್ದೀರಿ. ನಾನು ಎಲ್ಲಿ ತಪ್ಪಿದೆ ಅನ್ನುವುದನ್ನು ನಾನೇ ಬರೆದಿಡುತ್ತೇನೆ.

ಹೆಂಡತಿ ಜುಬೇದಾಳಿಗೆ ನರ್ಸ್ ಕೆಲಸ ಸಿಕ್ಕಿ ನಾವು ಅಮೆರಿಕದ ರಾಕ್‌ವಿಲ್‌ಗೆ ಬಂದೆವು. ಅಲ್ಲಿ ಉಗಿ ಎಂಜಿನ್ ಎಲ್ಲಿಂದ ಬರಬೇಕು? ದೊಡ್ಡ ಕಟ್ಟಡಗಳ ನೆಲಮಾಳಿಗೆಗಳಲ್ಲಿ ಚಳಿಗಾಲಕ್ಕೆ ಬಿಸಿ ಕೊಡುವ ಬಾಯ್ಲರುಗಳನ್ನು ಪರೀಕ್ಷಿಸುವುದೇ ನನ್ನ ಕೆಲಸವಾಯಿತು. ಒಂದು ಅಪಾರ್ಟ್‌ಮೆಂಟಿನಲ್ಲಿ ಸೇಫ್ಟಿ ವಾಲ್ವ್ ಆಗಾಗ ಬುಸ್ ಅನ್ನುತ್ತದೆ, ಮೇಲಿನ ಮನೆಯವರಿಗೆ ನಿದ್ದೆ ಇಲ್ಲ ಅಂತ ಅಲ್ಲಿನ ಮೇಲ್ವಿಚಾರಕ ಅದರ ಕೈಹಿಡಿಗೆ ತಂತಿ ಸುತ್ತಿ ಬಿಗಿದು ಕಟ್ಟಿದ್ದ. ಒತ್ತಡ ಹೆಚ್ಚಾದಾಗ ಬಿಟ್ಟುಕೊಡಲಿ ಅಂತಲೇ ಇರುವ ವಾಲ್ವ್ ಅದು. ನಾನು ಕಟಿಂಗ್ ಪ್ಲೇಯರ್ ತೆಗೆದು ತಂತಿ ಕತ್ತರಿಸಿ ಅವನ ಕೈಗೇ ಕೊಟ್ಟೆ. "ಇಷ್ಟು ದಿನ ಏನೂ ಆಗಿರಲಿಲ್ಲವಲ್ಲ" ಅಂದ. ಈ ಮಾತನ್ನು ನಾನು ಎರಡು ದೇಶಗಳಲ್ಲಿ, ನಾಲ್ಕು ಭಾಷೆಗಳಲ್ಲಿ ಕೇಳಿದ್ದೇನೆ. ನೀವೂ ಕೇಳುತ್ತೀರಿ.

೨೦೨೦ರಲ್ಲಿ ಆ ಕೆಲಸ ಬಿಟ್ಟು, ನಾರ್ತ್ ಕ್ಯಾರೊಲೈನಾದಲ್ಲಿ ಮಗಳಿರುವ ಬ್ಯಾಲಂಟೈನ್‌ಗೆ ಬಂದೆವು. ಮನೆಯಲ್ಲಿ ಸುಮ್ಮನೆ ಕೂತು ಜುಬೇದಾಳ ಅಡುಗೆಗೆ ಸಲಹೆ ಕೊಡಲು ಶುರು ಮಾಡಿದೆ. ಹದಿನೈದೇ ದಿನಕ್ಕೆ ಅವಳೇ ಇಂಟರ್ನೆಟ್ಟಿನಲ್ಲಿ ಹುಡುಕಿ ಒಂದೂವರೆ ಗಂಟೆ ದೂರದ ಈ ಷೆಡ್ಡಿಗೆ ನನ್ನನ್ನು ಕಳಿಸಿದಳು. ನಮ್ಮ ಮನೆಮಾತು ಉರ್ದು. ಬೈಯುವಾಗ ಮಾತ್ರ ಅವಳು ಕನ್ನಡಕ್ಕೆ ಬರುತ್ತಾಳೆ. "ಮೂರು ಹೊತ್ತೂ ನನ್ನ ತಲೆ ತಿನ್ನೋ ಬದ್ಲು ಹೋಗಿ ಆ ರೈಲಿಂದು ತಿನ್ನಿ" ಅಂದಳು.

ಷೆಡ್ಡಿನ ಮುಖ್ಯಸ್ಥ ರಾಯ್ ಹಿಂದೆ ನೌಕಾಪಡೆಯಲ್ಲಿದ್ದವನು. ಅವನ ಇಂಗ್ಲಿಷನ್ನು ಇಲ್ಲಿ ನನ್ನ ಕನ್ನಡದಲ್ಲೇ ಬರೆಯುತ್ತೇನೆ. ಮರುವರ್ಷ ಅವನು ಕೊಲಂಬಿಯಾದಿಂದ ಒಂದು ಎಂಜಿನ್ ತರಿಸಿದ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಫಿಲಡೆಲ್ಫಿಯಾದಲ್ಲಿ ತಯಾರಾಗಿ, ಹಡಗು ಹತ್ತಿ ಹೋಗಿ, ಅಲ್ಲಿನ ಬೆಟ್ಟಗಳಲ್ಲಿ ಕಾಫಿ ಮೂಟೆ ಎಳೆದ ಎಂಜಿನ್. ಮೂರು ಅಡಿ ಅಗಲದ ಹಳಿ, ಸಣ್ಣ ಮೈ, ಉದ್ದನೆಯ ಚಿಮಣಿ. ಟ್ರೇಲರಿನಿಂದ ಇಳಿಸಿದಾಗ ಚಿಮಣಿಯ ಒಳಗೆ ಹಕ್ಕಿಗೂಡುಗಳು ಒಂದರ ಮೇಲೊಂದು ಮೊಳದುದ್ದ ಕೂತಿದ್ದವು. ನನಗೆ ಮಾತ್ರ ನೋಡಿದ ಕೂಡಲೇ ಮೈಸೂರಿನ ಮೀಟರ್ ಗೇಜ್ ಎಂಜಿನ್ನುಗಳ ಚಿಕ್ಕಪ್ಪನ ಮಗನ ಹಾಗೆ ಕಂಡಿತು. ಕೈಯಿಟ್ಟು ನೋಡಿದೆ. ತುಂಬಾ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಆ ಎಂಜಿನ್ನಿನ ಮೊದಲ ಎಡವಟ್ಟು ರಾಯ್‌ನದು. ಒಂದು ಪೈಪಿಗೆ ನೀರಿನ ಒತ್ತಡ ಕೊಟ್ಟು ನೋಡುತ್ತಿದ್ದ. ಮೀಟರ್ ಮುಳ್ಳು ಹತ್ತಕ್ಕೆ ಬಂದು ನಿಂತಿತು. ಹತ್ತು ಪೌಂಡ್ ಎಲ್ಲಿಗೆ ಸಾಕು ಅಂತ ಇನ್ನೂ ಪಂಪ್ ಒತ್ತುತ್ತಿದ್ದ. ನಾನು ಓಡಿಹೋಗಿ ಕೈ ಹಿಡಿದೆ. ಕೊಲಂಬಿಯಾದವರು ಕಿಲೋ ಲೆಕ್ಕದ ಮೀಟರ್ ಹಾಕಿದ್ದರು. ಅದರ ಹತ್ತು ಅಂದರೆ ಅಮೆರಿಕದ ನೂರ ನಲವತ್ತು ಪೌಂಡಿನ ಮೇಲೆ. ರಾಯ್ ಮೀಟರನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ. ಆಮೇಲೆ ಎಲ್ಲರನ್ನೂ ಕರೆದು ತಾನು ಮಾಡಿದ ತಪ್ಪನ್ನು ತಾನೇ ವಿವರಿಸಿದ. ಇಂಥ ಮೇಲಧಿಕಾರಿ ಸಿಕ್ಕರೆ ಸಂಬಳ ಕಡಿಮೆಯಾದರೂ ಬಿಡಬೇಡಿ.

ಈಗ ಬೋಲ್ಟುಗಳ ವಿಷಯ. ಫೈರ್‌ಬಾಕ್ಸ್ ಅಂದರೆ ಕಲ್ಲಿದ್ದಲು ಉರಿಯುವ ಉಕ್ಕಿನ ಕೋಣೆ. ಅದರ ಸುತ್ತ ಇನ್ನೊಂದು ಗೋಡೆ, ಎರಡರ ನಡುವೆ ಕುದಿಯುವ ನೀರು. ಆ ಒತ್ತಡ ಗೋಡೆಗಳನ್ನು ಸದಾ ದೂಡುತ್ತಿರುತ್ತದೆ. ಹೆಬ್ಬೆರಳು ದಪ್ಪದ ನೂರಾರು ಬೋಲ್ಟುಗಳು ಎರಡನ್ನೂ ಹಿಡಿದುಕೊಂಡಿರುತ್ತವೆ. ಇವಕ್ಕೆ ಸ್ಟೇ ಬೋಲ್ಟ್ ಅನ್ನುತ್ತೇವೆ. ಒಂದು ಮುರಿದರೆ ಪಕ್ಕದವು ಅದರ ಭಾರ ಹೊರುತ್ತವೆ. ಒತ್ತಾಗಿ ನಾಲ್ಕು ಮುರಿದರೆ ಗೋಡೆ ಉಬ್ಬಿ ಹರಿದು, ಬೆಂಕಿ, ಹಬೆ, ಕುದಿಯುವ ನೀರು ಎಲ್ಲ ಎದುರಿಗೆ ಸಲಿಕೆ ಹಿಡಿದು ನಿಂತ ಫೈರ್‌ಮನ್ ಮೇಲೆ ಬರುತ್ತದೆ. ಬೋಲ್ಟ್ ಮುರಿಯುವುದು ಗೋಡೆಗಳ ನಡುವೆ, ಕಣ್ಣಿಗೆ ಕಾಣುವುದಿಲ್ಲ. ಕೆಳಗಿನ ಗಿಡ್ಡ ಬೋಲ್ಟುಗಳಿಗೆ ಹೊರಗಿನಿಂದ ಸಣ್ಣ ತೂತು ಕೊರೆದಿರುತ್ತಾರೆ. ಮುರಿದರೆ ಅಲ್ಲಿಂದ ನೀರು ಜಿನುಗಿ ಗೊತ್ತಾಗುತ್ತದೆ. ಮೇಲಿನ ಸಾಲುಗಳ ಉದ್ದ ಬೋಲ್ಟುಗಳಿಗೆ ಆ ತೂತೂ ಇಲ್ಲ. ಒಳಗೆ ಕೂತು ಸುತ್ತಿಗೆಯಿಂದ ಒಂದೊಂದನ್ನೇ ಬಡಿದು ಕಿವಿಗೊಟ್ಟು ಕೇಳಬೇಕು.

ಇದನ್ನು ನನಗೆ ಕಲಿಸಿದವರು ಮೈಸೂರಿನ ಮುನಿಸ್ವಾಮಿ ಮೇಸ್ತ್ರಿಗಳು. "ಕಣ್ ಮುಚ್ಕೋ ರಜಾಕ. ಕಣ್ ಬಿಟ್ಕೊಂಡಿದ್ರೆ ಕಿವಿ ಸೋಮಾರಿ ಆಗ್ತದೆ" ಅನ್ನುತ್ತಿದ್ದರು. ಗಟ್ಟಿ ಬೋಲ್ಟ್ ಟಿಣ್ ಅನ್ನುತ್ತದೆ, ಮುರಿದದ್ದು ಟಪ್ ಅನ್ನುತ್ತದೆ. ಅವೆರಡರಲ್ಲಿ ಕಷ್ಟವೇನಿಲ್ಲ. ಅರ್ಧ ಬಿರುಕು ಬಿಟ್ಟದ್ದು ಟಿಣ್ ಅಂತ ಶುರುವಾಗಿ ಬಾಲದಲ್ಲಿ ಸೋಲುತ್ತದೆ. ಆ ಬಾಲ ಕೇಳಿಸಿಕೊಳ್ಳಲು ನನಗೆ ಎರಡು ವರ್ಷ ಹಿಡಿಯಿತು. ಸತ್ತ ಬೋಲ್ಟಿನ ಮೇಲೆ ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆಯುವುದು ಅಲ್ಲಿನ ಪದ್ಧತಿ. ಮಸಿಯ ಕೈಯಲ್ಲಿ ಪುಸ್ತಕ ಪೆನ್ನು ಯಾರು ಹಿಡಿಯುತ್ತಾರೆ? ಗೋಡೆಯೇ ನಮ್ಮ ಪುಸ್ತಕವಾಗಿತ್ತು. ಆ ಅಭ್ಯಾಸವನ್ನು ನಾನು ಸಮುದ್ರ ದಾಟಿಸಿ ತಂದೆ.

ಎರಡು ವರ್ಷ ಪೈಪು, ತಗಡು, ಚಕ್ರಗಳ ಕೆಲಸ ಮುಗಿದು, ೨೦೨೩ರ ಅಕ್ಟೋಬರಿನಲ್ಲಿ ಬಾಯ್ಲರಿನ ಕೊನೆಯ ಪರೀಕ್ಷೆ ಬಂತು. ಬೆಟ್ಟದ ಎಲೆಗಳು ಕೆಂಪಾಗುವ ಹೊತ್ತು, ಜನ ಮುಗಿಬೀಳುವ ಕಾಲ. ತಿಂಗಳ ಕೊನೆಯ ಭಾನುವಾರ ಮೊದಲ ಓಟ ಅಂತ ರಾಯ್ ಎಲ್ಲರಿಗೂ ಹೇಳಿಬಿಟ್ಟಿದ್ದ. ಅವತ್ತು ಸಲಿಕೆ ಹಿಡಿಯಬೇಕಾದವನು ಶ್ರೀನಿಧಿ. ಕ್ಯಾರಿ ಅನ್ನುವ ಊರಿನಲ್ಲಿ ಸಾಫ್ಟ್‌ವೇರ್ ಕೆಲಸ, ಮೂವತ್ತೆಂಟು ವಯಸ್ಸು, ಇಬ್ಬರು ಹೆಣ್ಣುಮಕ್ಕಳ ತಂದೆ. ವಾರವಿಡೀ ಕೀಬೋರ್ಡ್ ಕುಟ್ಟಿ ಶನಿವಾರ ಮೂರೂವರೆ ಗಂಟೆ ಡ್ರೈವ್ ಮಾಡಿಕೊಂಡು ಬಂದು ಕಲ್ಲಿದ್ದಲು ಎತ್ತುವವನು. ನಾನು ಮೂರು ದಿನ ಫೈರ್‌ಬಾಕ್ಸಿನೊಳಗೆ ಕೂತು ಬಡಿದು, ಗುರುವಾರ ಸಂಜೆ ಹೊರಗೆ ಬಂದು "ಹನ್ನೊಂದು" ಅಂದೆ. ರಾಯ್ ಬೋರ್ಡಿನ ಮೇಲೆ ೧೧ ಅಂತ ದೊಡ್ಡದಾಗಿ ಬರೆದ. ಸೋಮವಾರದಿಂದ ಅವನ್ನು ಬದಲಿಸುವುದು ಅಂತಾಯಿತು.

ಶನಿವಾರ ಆಯುಧ ಪೂಜೆ. ಹಬ್ಬ ಯಾವ ವಾರ ಬಿದ್ದರೂ ಅಮೆರಿಕದಲ್ಲಿ ಅದು ಶನಿವಾರವೇ. ಇದು ನನ್ನದೇ ಹಟ. ಮೈಸೂರಿನ ವರ್ಕ್‌ಷಾಪಿನಲ್ಲಿ ಆಯುಧ ಪೂಜೆಯಿಲ್ಲದೆ ವರ್ಷ ಕಳೆದದ್ದೇ ಇಲ್ಲ; ಮೇಸ್ತ್ರಿಗಳು ಕುಂಬಳಕಾಯಿ ಒಡೆದರೆ ಪುರಿ ಹಂಚುವ ಕೆಲಸ ಪ್ರತಿವರ್ಷ ನನ್ನದು. ಈ ಎಂಜಿನ್ನಿಗೂ ಆಗಲೇಬೇಕು ಅಂತ ನಮ್ಮ ವಾಲಂಟಿಯರುಗಳಿಗೆ ಫೋನು ಮಾಡಿ, "ಮೊದಲು ಚೆನ್ನಾಗಿ ತೊಳೀರಪ್ಪ, ಒಂದು ಚೂರು ಮಸಿ ಇರಬಾರದು" ಅಂದಿದ್ದೆ. ಶುಕ್ರವಾರ ನಮಾಜಿಗೆ ಹೋಗಿ, ಬರುವಾಗ ಇಂಡಿಯನ್ ಸ್ಟೋರಿನಲ್ಲಿ ಬೂದುಗುಂಬಳಕಾಯಿ, ನಿಂಬೆಹಣ್ಣು, ಪುರಿ ತಗೊಂಡೆ.

ಶನಿವಾರ ಬೆಳಿಗ್ಗೆ ಷೆಡ್ಡಿಗೆ ಕಾಲಿಟ್ಟರೆ ಎಂಜಿನ್ ಥಳಥಳ ಅನ್ನುತ್ತಿತ್ತು. ಚೆಂಡುಹೂವಿನ ಹಾರ, ಚಕ್ರಗಳಿಗೆ ವಿಭೂತಿ. ಶ್ರೀನಿಧಿ ಮೊಣಕೈವರೆಗೆ ಒದ್ದೆಯಾಗಿ ನಿಂತು ಹಲ್ಲು ಕಿರಿದ.

"ಅಂಕಲ್, ಒಳಗೂ ನೋಡಿ. ಪ್ರೆಷರ್ ವಾಶರ್ ತಗೊಂಡು ಫೈರ್‌ಬಾಕ್ಸ್ ಫುಲ್ ಕ್ಲೀನ್ ಮಾಡಿದೀನಿ. ಒಂದೊಂದ್ ಬೋಲ್ಟ್‌ಗೂ ಕುಂಕುಮ ಇಟ್ಟಿದೀನಿ, ಟೂ ಅವರ್ಸ್ ಹಿಡೀತು."

ಬಾಗಿಲಿನಿಂದ ಟಾರ್ಚ್ ಹಾಕಿ ನೋಡಿದೆ. ನನ್ನ ಸುಣ್ಣದ ಗೆರೆ ಒಂದೂ ಇರಲಿಲ್ಲ. ನಾಲ್ಕು ಗೋಡೆಗಳ ತುಂಬ ಸಾಲುಸಾಲಾಗಿ ಕೆಂಪು ಬೊಟ್ಟು.

ಕೂಗಾಡಿದೆ. ಅವತ್ತು ನಾನು ಆಡಿದ ಕೆಲವು ಮಾತುಗಳನ್ನು ಬರೆಯಲು ನಾಚಿಕೆಯಾಗುತ್ತದೆ. ಶ್ರೀನಿಧಿಯ ಮುಖ ಇಷ್ಟೇ ಇಷ್ಟಾಯಿತು. ಆಗ ಸ್ಮಿತಾ ನಡುವೆ ಬಂದಳು. ಬ್ಯಾಲಂಟೈನ್‌ನ ಒಂದು ಬ್ಯಾಂಕಿನಲ್ಲಿ ಸಾಫ್ಟ್‌ವೇರ್ ತಪ್ಪು ಹುಡುಕುವ ಕೆಲಸದವಳು, ಮಂಡ್ಯದ ಕಡೆಯ ನೇರ ಮಾತು.

"ಅಂಕಲ್, ಒಂದ್ ಚೂರು ಮಸಿ ಇರಬಾರ್ದು ಅಂದೋರು ಯಾರು? ನೀವೇ ತಾನೆ? ಮೂರು ದಿನದ ಡೇಟಾನ ಸೀಮೆಸುಣ್ಣದಲ್ಲಿ ಇಟ್ಕೊಂಡು, ಬ್ಯಾಕಪ್ ಇಲ್ದೆ, ಒಂದು ಫೋಟೋನೂ ತೆಗೀದೆ, ಈಗ ನಿಧಿ ಮೇಲೆ ರೇಗಿದ್ರೆ ಹೆಂಗೆ?"

ಸುಮ್ಮನೆ ಹೋಗಿ ಕುಂಬಳಕಾಯಿ ಒಡೆದೆ. ಶ್ರೀನಿಧಿಗೆ ನಾನೇ ಕೈಯಾರೆ ಪುರಿ ಕೊಟ್ಟು ತಪ್ಪಾಯಿತು ಅಂದೆ.

ಸೋಮವಾರ ಮತ್ತೆ ಒಳಗೆ ಹೋದೆ. ಈ ಸಲ ಸ್ಮಿತಾ ಗೋಡೆಯ ನಕ್ಷೆ ಬರೆದು, ಸಾಲಿಗೊಂದು ಅಕ್ಷರ, ಬೋಲ್ಟಿಗೊಂದು ಸಂಖ್ಯೆ ಹಾಕಿ ಕೊಟ್ಟಿದ್ದಳು. ಎರಡು ದಿನ ಬಡಿದು ಹೊರಗೆ ಬಂದು ನಕ್ಷೆಯ ಮೇಲೆ ಎಣಿಸಿದೆ. ಒಂಬತ್ತು. ಇನ್ನೊಂದು ಸಲ ಎಣಿಸಿದೆ. ಒಂಬತ್ತೇ. ಬೋರ್ಡಿನ ಮೇಲೆ ರಾಯ್ ಬರೆದ ಹನ್ನೊಂದು ಹಾಗೇ ಇತ್ತು.

ಮುರಿದ ಬೋಲ್ಟ್ ನಾಲ್ಕೈದು ದಿನದಲ್ಲಿ ತಾನಾಗಿ ಕೂಡಿಕೊಳ್ಳುವುದಿಲ್ಲ. ಬೋಲ್ಟುಗಳು ಇದ್ದ ಹಾಗೇ ಇದ್ದವು. ಬದಲಾಗಿದ್ದು ನಾನು ಕೇಳಿಸಿಕೊಂಡದ್ದು.

ಮನೆಯಲ್ಲಿ ಎರಡು ವರ್ಷದಿಂದ ಜುಬೇದಾ ಹೇಳುತ್ತಲೇ ಇದ್ದಳು. "ಟಿವಿ ಸೌಂಡ್ ಕಮ್ಮಿ ಮಾಡ್ರೀ, ಬೀದಿಗೆಲ್ಲ ಕೇಳ್ಸುತ್ತೆ." ಓವನ್ನು ಕೂಗಿದ್ದು ನನಗೆ ಕೇಳಿಸುವುದಿಲ್ಲ, ಮೊಮ್ಮಗಳ ಮಾತನ್ನು ಎರಡು ಸಲ ಹೇಳಿಸುತ್ತೇನೆ ಅಂತೆಲ್ಲ ಅವಳು ಅಂದಾಗ ನಕ್ಕಿದ್ದೆ. ಐವತ್ತು ವರ್ಷ ಉಕ್ಕು ಬಡಿದ ಕಿವಿ, ಅದಕ್ಕೆ ಟಿವಿ ಕೇಳಿಸದಿದ್ದರೂ ಬೋಲ್ಟ್ ಕೇಳಿಸುತ್ತದೆ ಅನ್ನುವ ಜಂಬ. ಮಂಗಳವಾರ ಮನೆಗೆ ಹೋಗುವಾಗ ಕಾರಿನಲ್ಲಿ ಹೆದರಿಕೆಯಾಯಿತು. ಮೊದಲಿನ ಹನ್ನೊಂದು ಯಾವುವು ಅಂತ ಈಗ ಗುರುತಿಲ್ಲ, ನಕ್ಷೆಯಲ್ಲಿ ಇನ್ನೆರಡಕ್ಕೆ ಸುಮ್ಮನೆ ಗುರುತು ಹಾಕಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಅನ್ನುವ ಯೋಚನೆಯೂ ಬಂತು. ಬಂದಿದ್ದು ನಿಜ, ಅದಕ್ಕೇ ಬರೆಯುತ್ತಿದ್ದೇನೆ. ನಿಮಗೂ ಒಂದು ದಿನ ಬರುತ್ತದೆ.

ಬುಧವಾರ ರಾಯ್ ಬರುವ ಮೊದಲೇ ಹೋಗಿ ಷೆಡ್ಡಿನ ಬಾಗಿಲಲ್ಲಿ ಕಾದೆ.

"ನನ್ನ ಎರಡು ಪರೀಕ್ಷೆಯನ್ನೂ ನಂಬಬೇಡ. ನನ್ನ ಕಿವಿ ಹೋಗಿದೆ."

ಅವನು ಬೀಗ ತೆಗೆದು ಒಳಗೆ ಹೋಗಿ ದೀಪ ಹಾಕಿದ. ಆಮೇಲೆ, "ಎರಡು ಬೋಲ್ಟಿನ ವ್ಯತ್ಯಾಸ ರಜಾಕ್. ಅನುಮಾನ ಇರುವ ಒಂದಿಪ್ಪತ್ತನ್ನು ಬದಲಿಸಿಬಿಡೋಣ, ಭಾನುವಾರ ಓಡಿಸೋಣ" ಅಂದ.

"ಯಾವ ಇಪ್ಪತ್ತು?"

ಅವನು ಹೋಗಿ ಬೋರ್ಡಿನ ಮೇಲಿನ ೧೧ ಅಳಿಸಿದ.

ಬೇರೆ ಕಿವಿ ಬೇಕಿತ್ತು. ಸ್ಮಿತಾ ಎರಡು ದಿನ ರಜೆ ಹಾಕಿ ಬಂದಳು. ಷೆಡ್ಡಿನ ಮೂಲೆಯಲ್ಲಿ ಒಂದು ಹಳೆಯ ಫೈರ್‌ಬಾಕ್ಸಿನ ತುಂಡು ಬಿದ್ದಿತ್ತು. ಅದರಲ್ಲಿ ಗಟ್ಟಿ ಬೋಲ್ಟ್ ಯಾವುದು, ಸೀಳಿದ್ದು ಯಾವುದು ಅಂತ ಹಿಂದಿನಿಂದ ಕಣ್ಣಿಗೇ ಕಾಣುತ್ತಿತ್ತು. ಅವಳ ಕಣ್ಣಿಗೆ ಬಟ್ಟೆ ಕಟ್ಟಿಸಿ ಬೆಳಗಿನಿಂದ ಮಧ್ಯಾಹ್ನದವರೆಗೆ ಅದನ್ನೇ ಬಡಿಸಿದೆ. ಶುರುವಿನಲ್ಲಿ ಎಲ್ಲ ಒಂದೇ ಥರ ಕೇಳ್ಸುತ್ತೆ ಅಂದಳು. ಊಟದ ಹೊತ್ತಿಗೆ ಒಂದೂ ತಪ್ಪಲಿಲ್ಲ. ನನಗೆ ಎರಡು ವರ್ಷ ಹಿಡಿದದ್ದು ಅವಳಿಗೆ ಅರ್ಧ ದಿನಕ್ಕೆ ಬಂತಲ್ಲ ಅಂತ ಹೊಟ್ಟೆಯುರಿಯಿತು. ಆದರೂ ಅವಳ ಕಿವಿಯನ್ನು ಒಪ್ಪಿದೆ. ರಾಯ್ ಅಷ್ಟಕ್ಕೇ ಬಿಡದೆ, ತಾನೇ ಹಿಂದೆ ನಿಂತು ಕಣ್ಣಲ್ಲಿ ನೋಡುತ್ತ ಇನ್ನೊಮ್ಮೆ ಬಡಿಸಿ, ಅವಳದು ಸರಿ ಅಂತ ಖಾತ್ರಿ ಮಾಡಿಕೊಂಡ.

ಆಮೇಲೆ ಎಂಜಿನ್. ಒಂದೇ ಬೋಲ್ಟನ್ನು ಅವಳು ಬಡಿಯುವುದು, ಇಬ್ಬರೂ ಕೇಳಿಸಿಕೊಳ್ಳುವುದು, ಒಬ್ಬರಿಗೊಬ್ಬರು ತೋರಿಸದೆ ಬೇರೆ ಬೇರೆ ನಕ್ಷೆಯಲ್ಲಿ ಗುರುತು ಹಾಕುವುದು. ಎಡಗಡೆಯ ಮೇಲಿನ ಮೂಲೆಗೆ ಬಂದಾಗ ಅವಳು ಬಡಿಯುವುದು ನಿಲ್ಲಿಸಿ ನನ್ನ ಮುಖ ನೋಡಿದಳು.

"ಅಂಕಲ್, ಇದು ಕೇಳ್ಸಿತಾ?"

"ಹ್ಞೂಂ. ಟಿಣ್ ಅಂತು."

ಅವಳು ತನ್ನ ನಕ್ಷೆಯಲ್ಲಿ ಗುರುತು ಹಾಕಿದಳು. ಪಕ್ಕದ್ದಕ್ಕೂ ಹಾಕಿದಳು. ಅದರ ಪಕ್ಕದ್ದಕ್ಕೂ.

ನನ್ನ ನಕ್ಷೆಯಲ್ಲಿ ಹತ್ತು. ಅವಳದರಲ್ಲಿ ಹತ್ತೊಂಬತ್ತು. ಎಡಮೂಲೆಯಲ್ಲಿ ನಾಲ್ಕು ಒತ್ತಾಗಿ ಇದ್ದವು. ರಾಯ್ ಆ ನಾಲ್ಕರಲ್ಲಿ ಒಂದನ್ನು ಕೊರೆದು ತೆಗೆಸಿ ನನ್ನ ಅಂಗೈ ಮೇಲಿಟ್ಟ. ಎರಡು ತುಂಡು. ಮುರಿದ ಮುಖದ ತುಂಬ ಹಳೆಯ ತುಕ್ಕು. ವರ್ಷಗಳ ಹಿಂದೆಯೇ ಹೋಗಿದ್ದ ಬೋಲ್ಟು. ಅದನ್ನು ನಾನು ಆ ಹತ್ತು ದಿನದಲ್ಲಿ ಮೂರು ಸಲ ಕೇಳಿ ಮೂರು ಸಲವೂ ಗಟ್ಟಿ ಅಂದಿದ್ದೆ. ಎಂಜಿನ್ ತೊಳೆಯದೇ ಇದ್ದಿದ್ದರೆ ಒಂದೇ ಸಲ ಅನ್ನುತ್ತಿದ್ದೆ, ಭಾನುವಾರ ಅದು ಓಡುತ್ತಿತ್ತು.

ಶ್ರೀನಿಧಿಗೆ ಬೇರೆಯವರು ಹೇಳುವುದು ಬೇಡ ಅಂತ ನಾನೇ ಫೋನು ಮಾಡಿದೆ. ನೀನು ನಿಲ್ಲುವ ಜಾಗದ ಎದುರಿಗೇ ನಾಲ್ಕು ಮುರಿದಿದ್ದವು, ನಾನು ಪಾಸ್ ಮಾಡಿದ್ದೆ ಅಂದೆ. ಆ ಕಡೆಯಿಂದ ಅವನ ಮಗಳು ಯಾವುದೋ ಇಂಗ್ಲಿಷ್ ಹಾಡು ಹೇಳುತ್ತಿರುವುದು ಕೇಳುತ್ತಿತ್ತು.

"ಓಕೆ ಅಂಕಲ್," ಅಂದ. ಆಮೇಲೆ, "ಹೇಳಿದ್ರಲ್ಲ. ನಂಗೆ ಅಷ್ಟ್ ಸಾಕು" ಅಂದ. ನಾನು ಶನಿವಾರ ಕೂಗಾಡಿದ ಹಾಗೆ ಅವನೂ ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತು.

ಮೊದಲ ಓಟವನ್ನು ವಸಂತಕ್ಕೆ ಮುಂದೂಡಿದರು. ವರದಿ ಬರೆಯುವಾಗ, "ಮೊದಲ ಎರಡು ಪರೀಕ್ಷೆಗಳನ್ನು ಪರಿಗಣಿಸಬಾರದು, ಪರೀಕ್ಷಿಸಿದವನ ಕಿವಿ ಸರಿಯಿಲ್ಲ" ಅಂತ ಬರೆದು ಸಹಿ ಹಾಕಿದೆ. ಆ ವಾಕ್ಯ ತೆಗೆಯೋಣ, ಅಗತ್ಯವಿಲ್ಲ ಅಂದ ರಾಯ್. ಇರಲಿ ಅಂದೆ. ಯಾಕೆಂದರೆ ಅಷ್ಟು ಹೊತ್ತಿಗೆ ನನ್ನ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. ಕಿವಿ ಅವತ್ತೇ ಹೋದದ್ದಲ್ಲವಲ್ಲ.

ಜುಬೇದಾ ಹೇಳುತ್ತಲೇ ಇದ್ದ ಆ ಎರಡು ವರ್ಷದಲ್ಲಿ ನಾನು ಬಡಿದು ಪಾಸ್ ಮಾಡಿದ ಬಾಯ್ಲರುಗಳು ನಾಲ್ಕು. ಒಂದು ನಮ್ಮ ಷೆಡ್ಡಿನದೇ ಇನ್ನೊಂದು ಎಂಜಿನ್ನಿನದು. ರಾಯ್ ಅವತ್ತೇ ಬೀಗ ಹಾಕಿದ. ನನ್ನನ್ನು ಕರೆಸಿ ಪರೀಕ್ಷೆ ಮಾಡಿಸಿದ್ದ ಬೇರೆ ಎರಡು ಕಡೆಯವರು ಫೋನಿನಲ್ಲೇ ನಿಲ್ಲಿಸುತ್ತೇವೆ ಅಂದರು. ನಾಲ್ಕನೆಯದು ಅಟ್ಲಾಂಟಾದ ಉತ್ತರಕ್ಕೆ, ಬೆಟ್ಟದಲ್ಲಿ. ಅದೂ ದಕ್ಷಿಣ ಅಮೆರಿಕದಿಂದ ಬಂದ ಸಣ್ಣ ಎಂಜಿನ್ನೇ, ಬ್ರೆಜಿಲ್‌ನ ಕಬ್ಬಿನ ಗದ್ದೆಗಳಲ್ಲಿ ಓಡಿದ್ದು. ಗುರುವಾರ, ಶುಕ್ರವಾರ ಎಷ್ಟು ಫೋನು ಮಾಡಿದರೂ ಅಲ್ಲಿನ ಮ್ಯಾನೇಜರ್ ಎತ್ತಲಿಲ್ಲ, ಮೆಸೇಜಿಗೂ ಉತ್ತರವಿಲ್ಲ. ಎಲೆ ನೋಡುವ ಕಾಲ, ಶನಿವಾರ ರೈಲು ತುಂಬಿರುತ್ತದೆ. ಬೆಳಕು ಹರಿಯುತ್ತಲೇ ಕಾರಿನ ಕೀ ತೆಗೆದುಕೊಂಡೆ. ಜುಬೇದಾ ಕೈಯಿಂದ ಕಿತ್ತುಕೊಂಡಳು.

"ಹಾರ್ನ್ ಹೊಡೆದ್ರೆ ಕೇಳ್ಸಲ್ಲ, ನಾಲ್ಕು ಗಂಟೆ ಹೈವೇನಲ್ಲಿ ಒಬ್ರೇ ಹೋಗ್ತಾರಂತೆ. ಆ ಕಡೆ ಕೂತ್ಕೊಳ್ಳಿ."

ನಾವು ತಲುಪಿದಾಗ ಎಂಜಿನ್ ಹಬೆ ಏರಿಸಿಕೊಂಡು ನಿಂತಿತ್ತು. ಮೂರು ಬೋಗಿ ಭರ್ತಿ ಜನ, ಕಿಟಕಿಗಳಲ್ಲಿ ಮಕ್ಕಳ ತಲೆಗಳು. ನಾನು ಹಳಿಯ ಮೇಲೆ ಹೋಗಿ ಎಂಜಿನ್ನಿನ ಮುಂದೆ ನಿಂತೆ. ಡ್ರೈವರ್ ಗುರುತು ಹಿಡಿದು ಕೈಬೀಸಿದ. ಬೆಂಕಿ ಆರಿಸು, ಜನರನ್ನು ಇಳಿಸು ಅಂತ ಕೂಗಿದೆ. ಮ್ಯಾನೇಜರ್ ಓಡಿ ಬಂದ. ಕಾರಣ ಹೇಳಿದೆ. ಅವನು ಆಫೀಸಿಗೆ ಹೋಗಿ ಫೈಲು ತಂದು ನನ್ನ ಮುಖದ ಎದುರಿಗೆ ಹಿಡಿದ.

"ಇದರಲ್ಲಿ ನಿನ್ನದೇ ಸಹಿ ಇದೆಯಲ್ಲ."

"ಅದಕ್ಕೇ ಬಂದಿದ್ದೇನೆ" ಅಂದೆ.

ಅರ್ಧ ಗಂಟೆ ವಾದ ಮಾಡಿದ. ನಾನು ಹಳಿ ಬಿಟ್ಟು ಕದಲಲಿಲ್ಲ, ಜುಬೇದಾ ಬಂದು ಪಕ್ಕದಲ್ಲಿ ನಿಂತಳು. ಕೊನೆಗೆ ಡ್ರೈವರೇ ಇಳಿದು, ತಾನು ಓಡಿಸುವುದಿಲ್ಲ ಅಂದ. ಜನ ಗೊಣಗುತ್ತ ಇಳಿದರು. ಒಬ್ಬಳು ಪುಟ್ಟ ಹುಡುಗಿ ನನ್ನ ಕಡೆ ತೋರಿಸಿ ಜೋರಾಗಿ ಅಳುತ್ತಿದ್ದಳು.

ಹತ್ತು ದಿನದ ಮೇಲೆ ಮ್ಯಾನೇಜರಿನಿಂದ ಒಂದು ಸಾಲಿನ ಇಮೇಲ್ ಬಂತು. ಬೇರೆ ಇಬ್ಬರಿಂದ ಪರೀಕ್ಷೆ ಮಾಡಿಸಿದೆವು, ಒಂದು ಬೋಲ್ಟೂ ಮುರಿದಿಲ್ಲ. ನನಗೆ ಚುಚ್ಚಲೆಂದೇ ಬರೆದದ್ದು. ನೀನು ಸುಮ್ಮನೆ ನಮ್ಮ ಶನಿವಾರ ಹಾಳು ಮಾಡಿದೆ ಅಂತ ಅದರ ಅರ್ಥ. ನನಗೆ ಕಂಡಿದ್ದು ಮಾತ್ರ ಆ ಬೋಗಿಗಳ ಕಿಟಕಿಯಲ್ಲಿದ್ದ ಮಕ್ಕಳ ತಲೆಗಳು. ನಾನು ಅದನ್ನು ಜುಬೇದಾಳಿಗೆ ಓದಿ ಹೇಳಲು ಹೋದೆ, ಆಗಲಿಲ್ಲ. ಅಡುಗೆಮನೆಯ ಮೇಜಿನ ಮುಂದೆ ಕೂತು ಚಿಕ್ಕ ಮಗುವಿನ ಹಾಗೆ ಅತ್ತುಬಿಟ್ಟೆ. ಅವಳು ಫೋನು ತೆಗೆದುಕೊಂಡು ತಾನೇ ಓದಿದಳು, ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಗಟ್ಟಿಯಾಗಿ ಓದಿದಳು, ಒಂದೂ ಮುರಿದಿಲ್ಲ.